ಶುಕ್ರವಾರ ಬಾ

ಅಕ್ಕನ ಬಿಪಿ ಹತೋಟಿಗೆ ಬಂದದ್ದು ಅವಳು ಸತ್ತ ಮೇಲೆ.

ಬದುಕಿದ್ದಾಗ ಬರಲಿಲ್ಲ. ಸತ್ತ ಮೇಲೆ ಮಾತ್ರ ಅವಳಷ್ಟು ಅಚ್ಚುಕಟ್ಟಾಗಿ ಆರೋಗ್ಯ ಕೇಂದ್ರಕ್ಕೆ ಬಂದವರು ಇನ್ನೊಬ್ಬರಿಲ್ಲ. ಐದು ತಿಂಗಳು, ಒಂದು ಸಲವೂ ತಪ್ಪಿಸಲಿಲ್ಲ. ತಲೆನೋವು ಎನ್ನಲಿಲ್ಲ. ಕಾಲು ಜುಮ್ಮೆನ್ನುತ್ತೆ ಎನ್ನಲಿಲ್ಲ. ಮಾತ್ರೆ ಯಾಕೆ ಅರ್ಧವೇ ಕೊಟ್ಟಿರಿ ಎಂದು ಯಾರ ಪ್ರಾಣವನ್ನೂ ತಿನ್ನಲಿಲ್ಲ. ಇಂಥ ರೋಗಿ ಸಿಗಬೇಕಾದರೆ ಇಲಾಖೆ ಏಳು ಜನ್ಮದ ಪುಣ್ಯ ಮಾಡಿರಬೇಕು.

ಈ ಸಂಗತಿ ಅವಳ ತಂಗಿಗೆ ಗೊತ್ತಾದದ್ದು ಒಂದು ಸೋಮವಾರ ಮಧ್ಯಾಹ್ನ. ತಂಗಿಯನ್ನು ಎಲ್ಲರೂ ಕರೆಯುವುದು ಮೊಂಡಿ ಅಂತ. ಅಕ್ಕ ಇಟ್ಟ ಹೆಸರು. ಇಬ್ಬರೂ ಒಂದೇ ಕಸದ ಗಾಡಿಯವರು. ಒಬ್ಬಳು ಎಳೆದರೆ ಒಬ್ಬಳು ತಳ್ಳುತ್ತಿದ್ದಳು. ಈಗ ಎಳೆಯುವುದೂ ಮೊಂಡಿಯೇ, ತಳ್ಳುವುದೂ ಮೊಂಡಿಯೇ. ಅವತ್ತು ಕೆಲಸ ಮುಗಿಸಿ ಬಂದು ಮನೆಯ ಹೊಸ್ತಿಲ ಮೇಲೆ ಕೂತು ಕಾಲಿಗೆ ಅಂಟಿದ ಕಾಲುಚೀಲ ಬಿಡಿಸುತ್ತಿದ್ದಳು. ಅಂಗಾಲಿನಲ್ಲಿ ಒಂದು ಗಾಯ. ಎರಡು ತಿಂಗಳಿಂದ ಇದೆ. ಹೆಬ್ಬೆಟ್ಟಿನಗಲ ಆಗಿದೆ. ಚೂರೂ ನೋವಿಲ್ಲ. ನೋವಿಲ್ಲ ಅನ್ನುವುದೇ ಅವಳಿಗೆ ಭಯ.

ಕೇಂದ್ರದ ಗುಮಾಸ್ತ ಕರ್ಚೀಫು ಮೂಗಿಗೆ ಒತ್ತಿಕೊಂಡು, ಕಂಕುಳಲ್ಲಿ ಫೈಲು ಸಿಕ್ಕಿಸಿಕೊಂಡು ಓಣಿಯೊಳಗೆ ಬಂದ.

"ಕಸದ ಗಾಡಿ ಅಕ್ಕ-ತಂಗಿ ಮನೆ ಯಾವುದು?"

"ಇದೇ. ಏನ್ ಸಾರ್?"

"ನಿಮ್ಮಕ್ಕನ್ನ ಕರಿ. ಒಳ್ಳೇ ಸುದ್ದಿ ಇದೆ."

"ಅವಳಿಲ್ಲ."

"ಎಷ್ಟೊತ್ತಿಗೆ ಬರ್ತಾಳೆ? ನನಗೆ ಬೇರೆ ಕೆಲಸ ಇದೆ."

ಮೊಂಡಿ ಅವನ ಮುಖ ನೋಡಿದಳು. ತಮಾಷೆ ಮಾಡುವವನ ಹಾಗೆ ಕಾಣಲಿಲ್ಲ.

"ಬರಲ್ಲ ಸಾರ್. ಸತ್ತು ಐದು ತಿಂಗಳಾಯ್ತು."

ಗುಮಾಸ್ತ ಫೈಲು ನೋಡಿದ. ಅವಳನ್ನು ನೋಡಿದ. ಮತ್ತೆ ಫೈಲು ನೋಡಿದ. ಮನುಷ್ಯರಿಗೂ ಫೈಲಿಗೂ ಜಗಳ ಬಿದ್ದರೆ ಫೈಲಿನ ಕಡೆ ನಿಲ್ಲುವುದು ಅವನಿಗೆ ಇಪ್ಪತ್ತು ವರ್ಷದ ಅಭ್ಯಾಸ.

"ಹಂಗೆಲ್ಲ ಹೇಳಬೇಡ. ಹೋದ ತಿಂಗಳ ಶುಕ್ರವಾರ ತಾನೇ ಬಂದಿದ್ಳಲ್ಲ? ನೂರಮೂವತ್ತು ಬೈ ಎಂಬತ್ತು. ಶುಗರ್ ನೂರಹತ್ತು. ಇಲ್ಲಿ ಬರೆದಿದೆ ನೋಡು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಹಾಗೆಯೇ ಬರೆದಿತ್ತು.

ಹಾಗೆ ಯಾಕೆ ಬರೆದಿತ್ತು ಎನ್ನುವುದನ್ನು ತಿಳಿಯಬೇಕಾದರೆ ಆ ಕೇಂದ್ರದ ಹಿಂಬದಿಯ ಕಿಟಕಿಯನ್ನು ನೋಡಬೇಕು. ಮುಂದಿನ ಬಾಗಿಲಲ್ಲಿ ಉಳಿದವರು ಹೋಗುತ್ತಾರೆ. ಕಸದವರು ಹಿಂದಿನ ಕಿಟಕಿಗೆ. ಹಾಗಂತ ಎಲ್ಲೂ ಬೋರ್ಡು ಹಾಕಿಲ್ಲ. ಬೋರ್ಡು ಹಾಕದೆ ನಡೆಯುವ ಕಾನೂನೇ ಎಲ್ಲಕ್ಕಿಂತ ಗಟ್ಟಿ. ತಿಂಗಳ ಎರಡನೇ ಶುಕ್ರವಾರ, ಕೆಲಸ ಮುಗಿದ ಮೇಲೆ, ಮೂವತ್ತು ಹೆಂಗಸರು ಅಲ್ಲಿ ಸಾಲು ನಿಲ್ಲುತ್ತಾರೆ. ಎಲ್ಲರಿಗೂ ಅದೇ ಹಸಿರು ಕೋಟು. ಎಲ್ಲರ ಮೈಯಲ್ಲೂ ಊರಿನ ನಾತ. ಊರು ಮಾಡಿದ ನಾತ ಅದು, ಆದರೆ ಊರು ಮೂಗು ಮುಚ್ಚಿಕೊಳ್ಳುವುದು ಇವರನ್ನು ಕಂಡಾಗ.

ಕಿಟಕಿಯೊಳಗೆ ನರ್ಸಮ್ಮ. ತೋಳಿಗೆ ಕಟ್ಟುವ ಬಿಪಿ ಪಟ್ಟಿ ಮೇಜಿನ ಮೇಲೆ ಇರುತ್ತದೆ, ಕಿಟಕಿಯಾಚೆ ಬರುವುದಿಲ್ಲ. ಮಾತ್ರೆಯನ್ನು ಅವಳು ಕೈಯಿಂದ ಕೊಡುವುದಿಲ್ಲ. ಒಂದಡಿಯ ಮರದ ಸ್ಕೇಲಿನಿಂದ ಕಿಟಕಿಯ ಕಟ್ಟೆಯ ಮೇಲೆ ತಳ್ಳುತ್ತಾಳೆ. ತಳ್ಳುವುದರಲ್ಲಿ ಎಷ್ಟು ಪಳಗಿದ್ದಾಳೆಂದರೆ ಮಾತ್ರೆ ಪೊಟ್ಟಣ ಸರಿಯಾಗಿ ಕಟ್ಟೆಯ ತುದಿಗೆ ಬಂದು ನಿಲ್ಲುತ್ತದೆ. ತಲೆ ಎತ್ತುವ ಗೊಡವೆಯೂ ಇಲ್ಲ. ದೊಡ್ಡ ಪುಸ್ತಕದಲ್ಲಿ ಮೂವತ್ತು ಹೆಂಗಸರ ಮುಂದೆ ಬೆಳಗಿನ ಟೀ ಕುಡಿಯುವಾಗಲೇ ಬರೆದು ಮುಗಿಸಿರುತ್ತಾಳೆ. ನೂರಮೂವತ್ತು ಬೈ ಎಂಬತ್ತು. ಕೆಳಗೆ ಅದೇ, ಅದರ ಕೆಳಗೂ ಅದೇ. ಕೋಟಿನ ಹಾಗೆ ಬಿಪಿಯೂ ಕಸದವರಿಗೆಲ್ಲ ಒಂದೇ ಅಳತೆ. ಮಧ್ಯಾಹ್ನ ಬಂದವರಿಗೆ ಅವರವರ ಕಾರ್ಡಿಗೆ ಇಳಿಸಿಕೊಟ್ಟರಾಯಿತು. ಬಾರದವರದ್ದೂ ಬರೆದೇ ಇರುತ್ತದೆ. ಸತ್ತವರದ್ದೂ.

ಹೋದ ವರ್ಷ ಮೇಲಿನಿಂದ ಒಂದು ಆದೇಶ ಬಂತು. ಇನ್ನು ಮುಂದೆ ಶುಗರು, ಬಿಪಿ ಇರುವವರನ್ನು ಹೊಸ ರೀತಿಯಲ್ಲಿ ನೋಡಿಕೊಳ್ಳಬೇಕಂತೆ. ಕಾಯಿಲೆಯನ್ನಲ್ಲ, ಜನರನ್ನು ನೋಡಬೇಕಂತೆ. ರೋಗಿಯ ಮಾತು ಕೇಳಬೇಕಂತೆ. ರೋಗಿ ಕೇಂದ್ರದಲ್ಲಿ ಇರಬೇಕಂತೆ. ಗುಮಾಸ್ತ ಆದೇಶವನ್ನು ಮೂರು ಸಲ ಓದಿ, ಟೇಪು ಹಿಡಿದು ಕೋಣೆಯ ಉದ್ದ ಅಗಲ ಅಳೆದು, ಸರಿಯಾಗಿ ನಡುಮಧ್ಯದಲ್ಲಿ ಒಂದು ಮೆತ್ತನೆಯ ಕುರ್ಚಿ ಹಾಕಿಸಿದ. ನೀಲಿ ಕುರ್ಚಿ. ಕೊಳೆಯಾಗದಿರಲಿ ಎಂದು ಮೇಲೆ ಪ್ಲಾಸ್ಟಿಕ್ ಹಾಳೆ. ಪ್ಲಾಸ್ಟಿಕ್ ಹರಿಯದಿರಲಿ ಎಂದು ಯಾರೂ ಕೂರಬಾರದೆಂಬ ಮಾತು. ಅಂದಿನಿಂದ ನರ್ಸಮ್ಮ, ಡಾಕ್ಟರು, ಜಾಡಮಾಲಿ ಎಲ್ಲರೂ ಆ ಕುರ್ಚಿಗೆ ಸುತ್ತು ಹಾಕಿಕೊಂಡು ಓಡಾಡುತ್ತಾರೆ. ಕಸದ ಹೆಂಗಸರು ಅದನ್ನು ಕಿಟಕಿಯಿಂದ ನೋಡುತ್ತಾರೆ.

ಜೊತೆಗೆ ಒಂದು ಸಲಹೆಯ ಚೀಟಿಯೂ ಬಂತು. ದಿನಾ ಅರ್ಧ ಗಂಟೆ ನಡೆಯಿರಿ ಅಂತ. ಅದನ್ನು ಕೇಳಿದ ದಿನ ಅಕ್ಕ ಗಾಡಿಯ ಹಿಡಿಕೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಉಳಿದ ಏಳೂವರೆ ಗಂಟೆ ಏನೇ ಮಾಡೋದು ಮೊಂಡಿ? ಓಡೋದಾ?"

ಆ ಅಕ್ಕನಿಗೆ ಒಂದು ಭಾನುವಾರ ತಲೆನೋವು ಶುರುವಾಯಿತು. ಸೋಮವಾರ ಕಣ್ಣು ಮಂಜಾಯಿತು. ಮಧ್ಯಾಹ್ನ ಮೊಂಡಿಯೇ ಅವಳನ್ನು ಕಿಟಕಿಗೆ ನಡೆಸಿಕೊಂಡು ಹೋದಳು.

"ನರ್ಸಮ್ಮ, ತಲೆ ಒಡೆದು ಹೋಗ್ತಿದೆ. ಒಂದ್ಸಲ ಆ ಪಟ್ಟಿ ಕಟ್ಟಿ ನೋಡಿ," ಎಂದಿದ್ದಳು ಅಕ್ಕ.

ನರ್ಸಮ್ಮ ತಲೆ ಎತ್ತಲಿಲ್ಲ. "ಇವತ್ತೇನು ವಾರ? ನಿಮ್ಮ ದಿನ ಯಾವುದು? ಶುಕ್ರವಾರ ಬಾ."

ಅಕ್ಕ ಮನೆಗೆ ವಾಪಸು ಬಂದಳು. ಮಂಗಳವಾರ ಹೋಟೆಲಿನ ಹಿಂದಿನ ಡಬ್ಬ ಎತ್ತುವಾಗ ಡಬ್ಬದ ಸಮೇತ ಬಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಮೈಮೇಲೆಲ್ಲ ಹೋಟೆಲಿನ ಎಂಜಲು. ಕಸದ ಲಾರಿಯಲ್ಲೇ ದೊಡ್ಡಾಸ್ಪತ್ರೆಗೆ ಒಯ್ದರು. ಗುರುವಾರ ಸತ್ತಳು. ಅಲ್ಲಿನ ಡಾಕ್ಟರು "ಇಷ್ಟು ದಿನ ಬಿಪಿ ನೋಡೇ ಇಲ್ವಾ?" ಎಂದು ಬೈದರು. ಅಕ್ಕನ ಮಗಳು ಕಾರ್ಡು ತೆಗೆದು ಕೊಟ್ಟಳು. ಇಪ್ಪತ್ತೆರಡು ತಿಂಗಳು, ಇಪ್ಪತ್ತೆರಡು ಸಲ ನೂರಮೂವತ್ತು ಬೈ ಎಂಬತ್ತು. ಡಾಕ್ಟರು ಅದನ್ನು ನೋಡಿ ವಾಪಸು ಕೊಟ್ಟರು. ಶುಕ್ರವಾರ ಮಣ್ಣು ಮಾಡಿದರು.

ಇಷ್ಟನ್ನೂ ಮೊಂಡಿ ಹೊಸ್ತಿಲ ಮೇಲೆ ಕೂತೇ ಹೇಳಿದಳು. ಗುಮಾಸ್ತ ಕರ್ಚೀಫು ಮೂಗಿನಿಂದ ತೆಗೆದು ಹಣೆ ಒರೆಸಿಕೊಂಡ. ಅಯ್ಯೋ ಪಾಪ ಅಂತಾನೆ ಎಂದುಕೊಂಡಳು ಮೊಂಡಿ.

"ಅಯ್ಯೋ, ಲಿಸ್ಟು ಮೇಲೆ ಹೋಗಿಬಿಟ್ಟಿದೆಯಲ್ಲ!" ಎಂದ ಅವನು.

ಆಗ ಗೊತ್ತಾಯಿತು ಒಳ್ಳೇ ಸುದ್ದಿ ಏನು ಅಂತ. ಹೊಸ ಯೋಜನೆಗೆ ಒಂದು ವರ್ಷ ತುಂಬಿತ್ತು. ಸಮಾರಂಭ. ಮೇಲಿನಿಂದ ದೊಡ್ಡ ಡಾಕ್ಟರಮ್ಮ ಬರುತ್ತಾರೆ. ಕೇಂದ್ರದ ಮಾದರಿ ರೋಗಿಗೆ ಸನ್ಮಾನ. ಮಾದರಿ ರೋಗಿಯನ್ನು ಕಂಪ್ಯೂಟರೇ ಆರಿಸಿತ್ತು. ಸಾವಿರದ ಮುನ್ನೂರು ಜನರಲ್ಲಿ ಐದು ತಿಂಗಳಿಂದ ಒಂದೇ ಒಂದು ದೂರಿಲ್ಲದವಳು ಅಕ್ಕ ಒಬ್ಬಳೇ. ಕಂಪ್ಯೂಟರಿಗೆ ಏನು ಗೊತ್ತು, ಮಣ್ಣಲ್ಲಿ ಮಲಗಿದವರು ದೂರುವುದಿಲ್ಲ ಅಂತ.

"ಹೆಸರು ಬದಲಾಯಿಸಿ," ಎಂದಳು ಮೊಂಡಿ.

"ಹೇಗೆ ಬದಲಾಯಿಸೋದು? ಯಾಕೆ ಅಂತ ಕೇಳ್ತಾರೆ. ಸತ್ತಳು ಅಂದ್ರೆ ಯಾವಾಗ ಅಂತಾರೆ. ಯಾವಾಗ ಅಂದ್ರೆ..." ಗುಮಾಸ್ತ ಅಲ್ಲಿಗೆ ನಿಲ್ಲಿಸಿದ. ಅವಳ ಮುಖವನ್ನು ದಿಟ್ಟಿಸಿದ. ಮೊದಲ ಸಲ ಆ ಕೇಂದ್ರದವರೊಬ್ಬರು ಅವಳ ಮುಖ ನೋಡಿದ್ದು. "ನೀನು ನಿಮ್ಮಕ್ಕನ ಹಾಗೇ ಇದ್ದೀಯಲ್ಲ?"

ಅಕ್ಕನನ್ನು ಅವನು ಯಾವತ್ತೂ ನೋಡಿರಲಿಲ್ಲ.

"ಒಂದು ಗಂಟೆ ಕೆಲಸ. ನಿಮ್ಮಕ್ಕ ಅಂತ ಬಂದು ಕೂತ್ಕೊ. ಎರಡು ಮಾತು ಹೇಳು. ಹೂವಿನ ಗುಚ್ಛ ತಗೋ. ಹೋಗು."

"ಆಗಲ್ಲ."

ಗುಮಾಸ್ತನ ಕಣ್ಣು ಅವಳ ಅಂಗಾಲಿಗೆ ಹೋಯಿತು. "ನೀನೇ ಅಲ್ವಾ ಲೆಟರ್‌ಗೆ ಅಂತ ಮೂರು ಸಲ ಕಿಟಕಿಗೆ ಬಂದವಳು?"

ಹೌದು. ಮೂರು ಸಲ ಹೋಗಿದ್ದಳು. ಗಾಡಿ ಎಳೆಯುವ ಬದಲು ಶೆಡ್ಡಿನಲ್ಲಿ ಕೂತು ಹಸಿ ಕಸ ಒಣ ಕಸ ಬೇರೆ ಮಾಡುವ ಕೆಲಸ ಸಿಕ್ಕರೆ ಕಾಲು ಉಳಿಯುತ್ತದೆ. ಮೇಸ್ತ್ರಿ ಕೇಂದ್ರದಿಂದ ಲೆಟರ್ ತಾ ಎನ್ನುತ್ತಾನೆ. ಕೇಂದ್ರದವರು ನಿನ್ನ ಬಿಪಿ, ಶುಗರು ಎಲ್ಲ ಹತೋಟಿಯಲ್ಲಿದೆ, ಯಾವ ಲೆಟರು ಎನ್ನುತ್ತಾರೆ. ಇದೇ ಓಣಿಯ ಆ ತುದಿಯಲ್ಲಿ ಒಬ್ಬಳಿದ್ದಾಳೆ. ಶುಗರಿನ ಇಂಥದೇ ಗಾಯಕ್ಕೆ ಮೊದಲು ಬೆರಳು ತೆಗೆದರು, ಆಮೇಲೆ ಪಾದ ತೆಗೆದರು, ಆಮೇಲೆ ಮೊಣಕಾಲು. ಈಗ ಬಾಗಿಲಲ್ಲಿ ಕೂತು ಹೋಗಿ ಬರುವವರ ಕಾಲುಗಳನ್ನು ನೋಡುತ್ತಾಳೆ.

"ಬಾ ನೀನು. ಲೆಟರ್ ನಾನು ಮಾಡಿಸಿಕೊಡ್ತೀನಿ," ಎಂದ ಗುಮಾಸ್ತ. ಹೋಗುವಾಗ ಅಕ್ಕನ ಹಾಳೆಯ ಜೆರಾಕ್ಸ್ ಒಂದನ್ನು ಕೊಟ್ಟ. "ಬಾಯಿಪಾಠ ಮಾಡ್ಕೊ."

ಸಂಜೆ ಅಕ್ಕನ ಮಗಳು ಹೊಲಿಗೆ ಕಾರ್ಖಾನೆಯಿಂದ ಬಂದಳು. ಸಂಗತಿ ಕೇಳಿ ಊಟದ ತಟ್ಟೆ ದೂರ ತಳ್ಳಿದಳು.

"ನಾಚಿಕೆ ಆಗಲ್ವಾ ಚಿಕ್ಕಮ್ಮ? ಅಮ್ಮನ್ನ ಕೊಂದವರ ಮುಂದೆ ಅಮ್ಮನ ಹಾಗೆ ಹೋಗಿ ಕೂತ್ಕೋತೀಯಾ?"

"ಕಾಲು ನಂದು ಕಣೇ. ನಾಚಿಕೆ ಗಾಡಿ ಎಳೆಯಲ್ಲ."

"ಮೊಂಡಿ ಅಂತಾರೆ ನಿನ್ನನ್ನ. ಏನು ಮೊಂಡಿ ನೀನು?"

"ಮೊಂಡಿ ಆಗೋಕೆ ಮೊದಲು ಬದುಕಿರೋದು ಬೇಡ್ವಾ? ಸತ್ತು ಮಾದರಿ ಆಗಲಾ?" ಮೊಂಡಿಗೂ ಸಿಟ್ಟು ಬಂದಿತ್ತು. ಅಕ್ಕನ ಮೇಲೂ ಬಂದಿತ್ತು, ಸತ್ತದ್ದಕ್ಕೆ. "ಆ ಹಾಳೆ ಓದು. ನನಗೆ ಓದಕ್ಕೆ ಬರಲ್ಲ. ಬಾಯಿಪಾಠ ಮಾಡಬೇಕು."

ಹುಡುಗಿ ಹಾಳೆ ಕಸಿದುಕೊಂಡು ಸಿಟ್ಟಿನಲ್ಲೇ ಓದತೊಡಗಿದಳು. ಕೊನೆಯಿಂದ ಐದನೇ ಸಾಲಿಗೆ ಬಂದಾಗ ಅವಳ ದನಿ ನಿಂತಿತು. ತಾರೀಕನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇದು ಅಮ್ಮನ್ನ ಮಣ್ಣು ಮಾಡಿದ ದಿನ ಚಿಕ್ಕಮ್ಮ."

"ಏನು ಬರೆದಿದ್ದಾರೆ?"

"ನೂರಮೂವತ್ತು ಬೈ ಎಂಬತ್ತು. ಮಾತ್ರೆ ಕೊಡಲಾಗಿದೆ. ದಿನಾ ಅರ್ಧ ಗಂಟೆ ನಡೆಯುತ್ತಿದ್ದಾರೆ. ನಗುಮುಖದಿಂದ ಬಂದಿದ್ದರು."

ಮೊಂಡಿ ಆ ಸಾಲನ್ನು ಇನ್ನೊಂದು ಸಲ ಓದಿಸಿದಳು. ಆಮೇಲೆ ಇನ್ನೊಂದು ಸಲ. ಬಾಯಿಪಾಠ ಆಯಿತು. ಅವತ್ತು ಅಕ್ಕನ ಬಾಯಿ ಸೊಟ್ಟಗಾಗಿತ್ತು, ಬಟ್ಟೆ ಕಟ್ಟಿದರೂ ಮುಚ್ಚಿರಲಿಲ್ಲ. ಅದನ್ನೇ ನಗುಮುಖ ಅಂದಿರಬೇಕು. ಇಬ್ಬರೂ ಊಟ ಮಾಡಲಿಲ್ಲ. ಯಾರೂ ಏನೂ ತೀರ್ಮಾನ ಮಾಡಲಿಲ್ಲ. ಮೊಂಡಿ ಮಾತ್ರ ಬೆಳಗ್ಗೆ ಎದ್ದು, "ನಾನು ಹೋಗ್ತೀನಿ. ಲೆಟರ್ ಬೇಕು ನನಗೆ," ಎಂದಳು.

ತಾಲೀಮು ಬುಧವಾರ. ಮೊದಲ ಸಲ ಮುಂದಿನ ಬಾಗಿಲಿನಿಂದ ಒಳಗೆ ಕರೆದರು. ಅದಕ್ಕೂ ಮೊದಲು ಒಂದು ಹೊಸ ಸೋಪು ಕೊಟ್ಟು ಹಿಂದಿನ ನಲ್ಲಿಗೆ ಕಳಿಸಿದರು. ಚೆನ್ನಾಗಿ ಉಜ್ಜಿಕೊ ಎಂದಳು ನರ್ಸಮ್ಮ. ಹೊಸ ಬಟ್ಟೆ, ಬಿಳಿ ಕ್ಯಾನ್ವಾಸ್ ಶೂ. ಶೂ ಒಂದು ಅಳತೆ ಚಿಕ್ಕದು. ಒತ್ತಿದ್ದು ಗೊತ್ತಾಗಲಿಲ್ಲ, ಗೊತ್ತಾಗುವ ಕಾಲಲ್ಲವಲ್ಲ. ನೀಲಿ ಕುರ್ಚಿಯ ಪ್ಲಾಸ್ಟಿಕ್ ತೆಗೆದರು. ಅವಳು ಕೂತಳು. ಮೂವತ್ತು ಹೆಂಗಸರಲ್ಲಿ ಅದರ ಮೇಲೆ ಕೂತವಳು ಅವಳೇ ಮೊದಲು, ಅದೂ ಇನ್ನೊಬ್ಬಳ ಹೆಸರಿನಲ್ಲಿ.

ಗುಮಾಸ್ತ ಹನ್ನೆರಡು ಪ್ರಶ್ನೆ ಕೇಳಿ ಹನ್ನೆರಡು ಉತ್ತರ ಹೇಳಿಕೊಟ್ಟ. ಮಾತ್ರೆ ದಿನಾ ತಗೋತೀರಾ? ತಗೋತೀನಿ. ಉಪ್ಪು ಕಡಿಮೆ ಮಾಡಿದ್ದೀರಾ? ಮಾಡಿದ್ದೀನಿ. ಸಿಬ್ಬಂದಿ ನಿಮ್ಮ ಜೊತೆ ಹೇಗೆ ನಡ್ಕೋತಾರೆ? ಮನೆಯವರ ಹಾಗೆ.

"ಮನೆಯವರ ಹಾಗೆ ಅನ್ನುವಾಗ ನರ್ಸಮ್ಮನ ಕಡೆ ನೋಡಬೇಕು," ಎಂದ.

ಮೊಂಡಿ ನೋಡಿದಳು. ನರ್ಸಮ್ಮ ಸ್ಕೇಲು ಹುಡುಕುತ್ತಿದ್ದಳು.

"ಕೊನೆಗೆ ಪಟ್ಟಿ ಕಟ್ಟೋ ಹಾಗೆ ಮಾಡ್ತೀನಿ," ಎಂದಳು ನರ್ಸಮ್ಮ. "ನೀನು ಸುಮ್ಮನೆ ಕೂತಿರು. ನಾನೇ ನೂರಮೂವತ್ತು ಬೈ ಎಂಬತ್ತು ಅಂತೀನಿ. ಚಪ್ಪಾಳೆ ಹೊಡೀತಾರೆ. ಎದ್ದು ಹೋಗು."

"ಈಗ ಒಂದ್ಸಲ ನಿಜವಾಗಿ ನೋಡಿಬಿಡಿ ನರ್ಸಮ್ಮ. ಹೇಗೂ ಕೂತಿದ್ದೀನಲ್ಲ."

"ಇವತ್ತು ಬುಧವಾರ."

ಲೆಟರನ್ನು ಮೊದಲು ತೋರಿಸಬೇಕು ಎಂದು ಮೊಂಡಿ ಹಟ ಹಿಡಿದಳು. ಗುಮಾಸ್ತ ತೋರಿಸಿದ. 'ಕುಳಿತು ಮಾಡುವ ಕೆಲಸ ಕೊಡತಕ್ಕದ್ದು' ಎಂದು ಟೈಪು ಮಾಡಿತ್ತು. ಡಾಕ್ಟರ ಸಹಿ ಇತ್ತು. ಸೀಲು ಇರಲಿಲ್ಲ.

"ಸೀಲು ಸಮಾರಂಭ ಆದ ಮೇಲೆ," ಎಂದು ಅವನು ಜೇಬು ತಟ್ಟಿಕೊಂಡ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಪೂಜಾರಿ ಸೀಲನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ.

ಸಮಾರಂಭದ ದಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ನೀಲಿ ಕುರ್ಚಿ ವೇದಿಕೆಯ ನಡುಮಧ್ಯಕ್ಕೆ ಬಂದಿತ್ತು, ಟೇಪು ಹಿಡಿದೇ ಇಟ್ಟದ್ದು. ಜನ ಸಾಲದು ಎಂದು ಮೇಸ್ತ್ರಿಗೆ ಹೇಳಿ ಕಸದ ಹೆಂಗಸರನ್ನು ಕರೆಸಿ ಹಿಂದಿನ ಬೆಂಚುಗಳಲ್ಲಿ ಕೂರಿಸಿದ್ದರು. ಯಾರೂ ಬಾಯಿ ಬಿಡಬಾರದು ಎಂದು ಮೊದಲೇ ತಾಕೀತು ಮಾಡಿದ್ದರು. ಅಕ್ಕನ ಮಗಳು ಅವರ ಜೊತೆ ಕೂತಿದ್ದಳು. ಚಿಕ್ಕಮ್ಮನ ಮುಖ ನೋಡಲಿಲ್ಲ.

ದೊಡ್ಡ ಡಾಕ್ಟರಮ್ಮ ಬಂದರು. ಸಣಕಲು ಹೆಂಗಸು, ಸುಸ್ತಾದ ಕಣ್ಣು. ಅವತ್ತು ಅದು ಅವರಿಗೆ ಮೂರನೇ ಸಮಾರಂಭವಂತೆ. ಭಾಷಣಗಳಾದವು. ರೋಗಿಯೇ ನಮ್ಮ ಒಡೆಯ ಎಂದ ಒಬ್ಬ. ರೋಗಿಯ ಮಾತೇ ನಮಗೆ ಮದ್ದು ಎಂದ ಇನ್ನೊಬ್ಬ. ಮುಕ್ಕಾಲು ಗಂಟೆ ಒಡೆಯನಿಗೆ ಒಂದು ಲೋಟ ನೀರು ಬೇಕಾ ಎಂದು ಯಾರೂ ಕೇಳಲಿಲ್ಲ. ಮೊಂಡಿ ಕುರ್ಚಿಯಲ್ಲಿ ಕೂತಿದ್ದಳು. ತಲೆಯ ಹಿಂದೆ ಭಾರ. ಬಲಗಾಲಿನ ಬಿಳಿ ಶೂ ತುದಿಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಗುಮಾಸ್ತ ಪಕ್ಕದಲ್ಲೇ ನಿಂತಿದ್ದ. ಅವನ ಫೈಲಿನ ಪಾರದರ್ಶಕ ಜೇಬಿನಲ್ಲಿ ಲೆಟರ್ ಕಾಣುತ್ತಿತ್ತು. ಅವಳಿಗೆ ಕಾಣಲಿ ಎಂದೇ ಹಾಗೆ ಹಿಡಿದಿದ್ದ.

ದೊಡ್ಡ ಡಾಕ್ಟರಮ್ಮ ತಮ್ಮ ಕುರ್ಚಿಯನ್ನು ಎಳೆದುಕೊಂಡು ಅವಳ ಎದುರು ಕೂತರು. ಒಂದು ಕಾಗದ ತೆಗೆದರು.

"ಹೊಸ ಪದ್ಧತೀಲಿ ಮೊದಲ ಪ್ರಶ್ನೆ ಇದು. ನಿಮಗೆ ಏನು ಮುಖ್ಯ? ನೀವೇ ಹೇಳಿ ಅಮ್ಮ."

ಗುಮಾಸ್ತನ ಹನ್ನೆರಡರಲ್ಲಿ ಇದು ಇರಲಿಲ್ಲ. ಆ ಕೇಂದ್ರದಲ್ಲಿ ಈ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ. ಸಾವಿರದ ಮುನ್ನೂರು ಜನರ ಮುಂದೂ 'ಆರೋಗ್ಯವೇ ಭಾಗ್ಯ' ಎಂದು ಒಂದೇ ದಿನ ಕೂತು ತುಂಬಿದ್ದರು. ಗುಮಾಸ್ತ ಬಗ್ಗಿ ಅವಳ ಕಿವಿಯಲ್ಲಿ, "ಆರೋಗ್ಯವೇ ಭಾಗ್ಯ ಅನ್ನು," ಎಂದ.

ಮೊಂಡಿ ಲೆಟರ್ ನೋಡಿದಳು. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಹುಡುಗಿಯನ್ನು ನೋಡಿದಳು. 'ನೀವು' ಎಂಬ ಮಾತು ಅವಳ ಕಿವಿಯಲ್ಲಿ ಇನ್ನೂ ಇತ್ತು. ಏನು ಮುಖ್ಯ ಅಂತ ಅಕ್ಕನನ್ನು ಯಾರಾದರೂ ಒಂದು ಸಲ ಕೇಳಿದ್ದರೆ ಅವಳು ಹೇಳುತ್ತಿದ್ದಳು. ಕೇಳದೆಯೂ ಹೇಳಿದ್ದಳು.

"ಒಂದ್ಸಲ ಪಟ್ಟಿ ಕಟ್ಟಿ ನೋಡಿ ಅಂದಿದ್ದೆ ಅಮ್ಮ," ಎಂದಳು. ಮೈಕು ಹತ್ತಿರದಲ್ಲೇ ಇತ್ತು. ದನಿ ಎಲ್ಲ ಕಡೆ ಕೇಳಿಸಿತು. "ಸೋಮವಾರ ಬಂದಿದ್ದೆ. ಶುಕ್ರವಾರ ಬಾ ಅಂದ್ರು. ಮಂಗಳವಾರ ಬಿದ್ದೆ. ಗುರುವಾರ ಸತ್ತೆ. ಆದ್ರೂ ಮಾತು ತಪ್ಪಲಿಲ್ಲ. ಶುಕ್ರವಾರ ಬಂದೆ."

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ದೊಡ್ಡ ಡಾಕ್ಟರಮ್ಮ ನಗಲಿಲ್ಲ.

"ನಗುಮುಖದಿಂದ ಬಂದಿದ್ದೆ ಅಂತ ಬರೆದಿದ್ದಾರೆ. ಬೇಕಾದ್ರೆ ನೋಡಿ, ಆ ದೊಡ್ಡ ಪುಸ್ತಕದಲ್ಲಿದೆ. ಅವತ್ತು ನನ್ನ ಮೇಲೆ ಮಣ್ಣು ಎಳೀತಿದ್ರು. ಇಲ್ಲಿ ನೂರಮೂವತ್ತು ಬೈ ಎಂಬತ್ತು. ಆಮೇಲೆ ನಾಲ್ಕು ತಿಂಗಳು ತಪ್ಪದೆ ಬಂದಿದ್ದೀನಿ. ದಿನಾ ಅರ್ಧ ಗಂಟೆ ನಡೀತಿದ್ದೀನಂತೆ. ಎಲ್ಲಿ ನಡೀತೀನೋ ನನಗೇ ಗೊತ್ತಿಲ್ಲ, ಆರಡಿ ಜಾಗ." ಅವಳು ಹಿಂದಿನ ಬೆಂಚುಗಳ ಕಡೆ ತಿರುಗಿದಳು. "ನೀವೂ ಕೇಳ್ರೇ. ನಿಮ್ಮ ಬಿಪಿ ಹತೋಟಿಗೆ ಬರಬೇಕಾ? ಉಪ್ಪು ಬಿಡಬೇಡಿ, ಎಣ್ಣೆ ಬಿಡಬೇಡಿ. ಉಸಿರು ಬಿಡಿ ಸಾಕು. ಮಾದರಿ ಆಗ್ತೀರಿ. ಸೋಪು ಕೊಡ್ತಾರೆ."

ಗುಮಾಸ್ತ ಮೈಕಿಗೆ ಕೈ ಹಾಕಿದ. "ಮೇಡಂ, ಪಾಪ ಇವಳಿಗೆ ಸ್ವಲ್ಪ ತಲೆ..."

"ಬಿಡಿ ಅದನ್ನ," ಎಂದರು ದೊಡ್ಡ ಡಾಕ್ಟರಮ್ಮ. ಅವನು ಬಿಟ್ಟ.

"ನಾನು ಅವಳ ತಂಗಿ," ಎಂದಳು ಮೊಂಡಿ. "ಅಕ್ಕ ಅಂತ ಕೂತರೆ ಲೆಟರ್ ಕೊಡ್ತೀನಿ ಅಂದ್ರು, ಕೂತೆ. ನನಗೂ ನೂರಮೂವತ್ತು ಬೈ ಎಂಬತ್ತೇ ಬರೆದಿದ್ದಾರೆ. ಇದು ನೋಡಿ." ಬಗ್ಗಿ ಶೂ ಕಿತ್ತಳು. ಕಾಲುಚೀಲವನ್ನೂ ಕಿತ್ತಳು. ಹೊಸ ಕಾರ್ಪೆಟ್ಟಿನ ಮೇಲೆ ಒಂದು ಒದ್ದೆ ಕಲೆ ಬಿತ್ತು. ದೊಡ್ಡ ಡಾಕ್ಟರಮ್ಮ ಮಂಡಿಯೂರಿ ಅವಳ ಪಾದವನ್ನು ಕೈಯಲ್ಲಿ ಹಿಡಿದುಕೊಂಡರು. ಬೆರಳುಗಳನ್ನು ಒಂದೊಂದೇ ಮುಟ್ಟಿ, ಗೊತ್ತಾಗುತ್ತಾ ಎಂದು ಕೇಳಿದರು. ಇಲ್ಲ, ಇಲ್ಲ, ಇಲ್ಲ ಎಂದಳು ಮೊಂಡಿ.

ಆಮೇಲೆ ತೋಳು ಚಾಚಿದಳು. "ಇದೂ ನಂದೇ. ಕಟ್ಟಿ ನರ್ಸಮ್ಮ. ಇವತ್ತು ಶುಕ್ರವಾರ."

ನರ್ಸಮ್ಮ ಕದಲಲಿಲ್ಲ. ಪಟ್ಟಿ ಅವಳ ಕೈಯಲ್ಲಿ ನೇತಾಡುತ್ತಿತ್ತು.

"ಕಟ್ಟಿ," ಎಂದರು ದೊಡ್ಡ ಡಾಕ್ಟರಮ್ಮ, ನೆಲದಿಂದಲೇ.

ಕಟ್ಟಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ಬೆರಳು ಮೊಂಡಿಯ ತೋಳಿಗೆ ತಾಗಿತು. ತಣ್ಣಗಿತ್ತು, ಬೆವೆತಿತ್ತು. ಕಿವಿಗೆ ಕೊಳವೆ ಸಿಕ್ಕಿಸಿಕೊಂಡು ರಬ್ಬರ್ ಉಂಡೆ ಒತ್ತಿದಳು. ಪಟ್ಟಿ ಬಿಗಿಯಾಯಿತು. ಪಟ್ಟಿಯಿಂದ ಗಾಳಿ ಬಿಡುವ ಸಣ್ಣ ಸದ್ದು ಮೈಕಿನಲ್ಲಿ ಶಾಮಿಯಾನದ ತುಂಬ ಕೇಳಿಸಿತು.

"ನೂರಮೂ..." ಎಂದಳು ನರ್ಸಮ್ಮ ಅಭ್ಯಾಸಬಲದಿಂದ. ನಾಲಿಗೆ ಕಚ್ಚಿಕೊಂಡಳು. ಇನ್ನೊಂದು ಸಲ ಒತ್ತಿದಳು. ಮುಳ್ಳನ್ನು ದೊಡ್ಡ ಡಾಕ್ಟರಮ್ಮನೂ ನೋಡುತ್ತಿದ್ದರು.

"ಇನ್ನೂರಹತ್ತು," ಎಂದಳು. ಮೈಕು ಇನ್ನೂ ಅಲ್ಲೇ ಇತ್ತು. "ಬೈ ನೂರಹದಿನೆಂಟು."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಗುಮಾಸ್ತ ಲೆಟರನ್ನು ಫೈಲಿನೊಳಕ್ಕೆ ತಳ್ಳಿ, ಸೀಲಿನ ಜೇಬನ್ನು ಒಂದು ಸಲ ಮುಟ್ಟಿ ನೋಡಿಕೊಂಡು, "ಟೀ ರೆಡಿ ಇದೆ, ಎಲ್ಲರೂ ದಯವಿಟ್ಟು ಆ ಕಡೆ ಬರಬೇಕು," ಎಂದು ಕೂಗಿದ. ಮುಂದಿನ ಸಾಲುಗಳು ಟೀ ಕಡೆ ಎದ್ದವು. ಹಿಂದಿನ ಬೆಂಚುಗಳೂ ಎದ್ದವು. ಟೀ ಕಡೆ ಹೋಗಲಿಲ್ಲ. ಒಬ್ಬೊಬ್ಬರೇ ಕೋಟಿನ ತೋಳು ಮೇಲೆ ಸರಿಸಿಕೊಂಡು ವೇದಿಕೆಯ ಮೆಟ್ಟಿಲ ಹತ್ತಿರ ಸಾಲು ನಿಂತರು. ಯಾರೂ ಹೇಳಿಕೊಟ್ಟಿರಲಿಲ್ಲ. ಸಾಲು ನಿಲ್ಲುವುದು ಅವರಿಗೆ ಹೊಸದಾಗಿ ಕಲಿಸಬೇಕಾದ ವಿದ್ಯೆಯೂ ಅಲ್ಲ.

"ನೀವು ಮಲಗಬೇಕು ಅಮ್ಮ, ಈಗಲೇ ಮದ್ದು ಕೊಡಬೇಕು. ಏಳಿ," ಎಂದರು ದೊಡ್ಡ ಡಾಕ್ಟರಮ್ಮ.

"ಏಳಲ್ಲ. ಮೊದಲು ಅಕ್ಕನ ಹಾಳೇಲಿ ಸತ್ತಿದ್ದಾಳೆ ಅಂತ ಬರೀಲಿ."

"ಮೇಡಂ, ಅದಕ್ಕೆ ಕಾಲಂ ಇಲ್ಲ," ಎಂದ ಗುಮಾಸ್ತ ದೂರದಿಂದ. "ಹತೋಟಿಯಲ್ಲಿದೆ, ಹತೋಟಿಯಲ್ಲಿಲ್ಲ, ಎರಡೇ ಕಾಲಂ ಇರೋದು."

"ನೂರಮೂವತ್ತು ಹೊಡೆದು ಹಾಕಿ ಅದರ ಮೇಲೇ ಬರೀರಿ," ಎಂದಳು ಮೊಂಡಿ. "ಐದು ಸಲ ಸುಳ್ಳು ಬರೆದಿದ್ದೀರಿ. ಐದು ಸಲ ಬರೀರಿ." ಅಕ್ಕನ ಮಗಳನ್ನು ಕೈಬೀಸಿ ಕರೆದಳು. "ಬಾರೇ ಇಲ್ಲಿ. ನನಗೆ ಓದಕ್ಕೆ ಬರಲ್ಲ. ಬರೀತಾರೋ ಇಲ್ವೋ ನೋಡು. ಜೋರಾಗಿ ಓದು."

ದೊಡ್ಡ ಪುಸ್ತಕ ಬಂತು. ನರ್ಸಮ್ಮ ನಿಂತುಕೊಂಡೇ ಬರೆದಳು. ಹುಡುಗಿ ಮೈಕಿನ ಮುಂದೆ ನಿಂತು ಓದಿದಳು.

"ಸತ್ತಿದ್ದಾರೆ."

"ಸತ್ತಿದ್ದಾರೆ."

ಮೂರನೆಯದಕ್ಕೆ ಅವಳು ಮೈಕಿನಿಂದ ಮುಖ ತಿರುಗಿಸಿದಳು. ಸಾಲಿನಲ್ಲಿದ್ದ ಹೆಂಗಸರು ಅವಳ ಬದಲಿಗೆ ಹೇಳಿದರು. ನಾಲ್ಕನೆಯದನ್ನೂ ಐದನೆಯದನ್ನೂ ಅವರೇ ಹೇಳಿದರು. ಟೀ ಲೋಟ ಹಿಡಿದವರು ಅಲ್ಲೇ ನಿಂತು ಕೇಳಿಸಿಕೊಂಡರು.

ನರ್ಸಮ್ಮನ ಪೆನ್ನು ಅಲ್ಲಿಗೆ ನಿಲ್ಲಲಿಲ್ಲ. ಇನ್ನೂ ಮೇಲಿನ ಸಾಲಿಗೆ ಹೋಗಿ ತಡೆಯಿತು. ಅಲ್ಲಿಂದ ಮೇಲೆ ಇಪ್ಪತ್ತೆರಡು ಸಾಲು, ಎಲ್ಲದರಲ್ಲೂ ಅದೇ ಅಂಕಿ. ಅವಳು ತಲೆ ಎತ್ತಿ ಮೊಂಡಿಯ ಮುಖ ನೋಡಿದಳು.

"ಇವು... ಬದುಕಿದ್ದಾಗಿನವು. ಇವಕ್ಕೆ ಏನಂತ ಬರೀಲಿ?"

"ಅದು ನಿಮಗೇ ಗೊತ್ತು," ಎಂದಳು ಮೊಂಡಿ.

ಬರಿಗಾಲಿನಲ್ಲಿ ಎದ್ದಳು. ಲೆಟರ್ ಸೀಲಿಲ್ಲದೆ ಫೈಲಿನಲ್ಲೇ ಉಳಿದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾಳೆ ಬೆಳಗ್ಗೆ ಐದಕ್ಕೆ ಗಾಡಿ ಇದೆ, ಮೇಸ್ತ್ರಿ ಇದ್ದಾನೆ, ಹೋಟೆಲಿನ ಹಿಂದಿನ ಡಬ್ಬ ಇದೆ. ಅವಳ ಕಾರ್ಡಿನಲ್ಲಿ ಮಾತ್ರ ನರ್ಸಮ್ಮ ಇನ್ನೂರಹತ್ತು ಬೈ ನೂರಹದಿನೆಂಟು ಎಂದು ಹೊಸ ಇಂಕಿನಲ್ಲಿ ಬರೆದಿದ್ದಳು. ಅದು ಅವಳದ್ದು. ಹುಡುಗಿ ಬಂದು ಅವಳ ತೋಳಿನ ಕೆಳಗೆ ತನ್ನ ಹೆಗಲು ಕೊಟ್ಟಳು.

ನೀಲಿ ಕುರ್ಚಿ ಖಾಲಿಯಾಗಿತ್ತು. ಗುಮಾಸ್ತ ಪ್ಲಾಸ್ಟಿಕ್ ಹಾಳೆ ಹಿಡಿದುಕೊಂಡು ಓಡಿಬರುತ್ತಿದ್ದ. ಅವನು ಬರುವಷ್ಟರಲ್ಲಿ ಸಾಲಿನ ಮುಂದಿದ್ದವಳು ಹಸಿರು ಕೋಟಿನಲ್ಲೇ, ತೊಳೆಯದ ಕೈಯಲ್ಲೇ ಹೋಗಿ ಅದರ ಮೇಲೆ ಕೂತು, ತೋಳು ಚಾಚಿದಳು.